ಮೂರು ಸಣ್ಣ ಅಪಘಾತಗಳಾಗಿವೆ, ಎರಡು ವರ್ಷ ಲಾರಿ ಮುಟ್ಟಿಲ್ಲ. ಮತ್ತೆ ಚಾಲಕನ ಕೆಲಸ ಸಿಗುತ್ತದೆಯೇ?

ಸಿಗುತ್ತದೆ, ಅದರಲ್ಲಿ ಅನುಮಾನ ಬೇಡ. ಲಾರಿಗಳಿವೆ, ಬಾಡಿಗೆಯಿದೆ, ಓಡಿಸುವವರೇ ಇಲ್ಲ ಎಂದು ನಮ್ಮ ಕಡೆಯ ಮಾಲೀಕರು ತಲೆಯ ಮೇಲೆ ಕೈಹೊತ್ತು ಕುಳಿತಿರುವ ಕಾಲವಿದು. ಬೆಳಗಾವಿಯ ಆಟೋನಗರದಲ್ಲಿ ಅಂಥ ಮಾಲೀಕರ ಪೈಕಿ ನಾನೂ ಒಬ್ಬ. ಸ್ವಂತ ಲಾರಿ ಕೊಳ್ಳುವ ಮೊದಲು ವರ್ಷಗಟ್ಟಲೆ ಬೇರೆಯವರ ಲಾರಿ ಓಡಿಸಿದವನು. ಹಾಗಾಗಿ ನಿಮ್ಮ ಸಂಕಟವೂ ಗೊತ್ತು, ನಿಮ್ಮನ್ನು ಎದುರಿಗೆ ನಿಲ್ಲಿಸಿಕೊಂಡ ಮಾಲೀಕನ ತಲೆಯಲ್ಲಿ ಏನು ಓಡುತ್ತದೆ ಎಂಬುದೂ ಗೊತ್ತು.

ಓದುವ ಉಳಿದವರಿಗೂ ತಿಳಿಯಲೆಂದು ನಿಮ್ಮ ಪ್ರಶ್ನೆಯನ್ನು ಚುಟುಕಾಗಿ ಹೇಳುತ್ತೇನೆ. ನೀವು ಮುಧೋಳದ ಕಡೆಯವರು, ವಯಸ್ಸು ನಲವತ್ತು ದಾಟಿದೆ, ಹತ್ತು ಚಕ್ರದ ಲಾರಿ ಓಡಿಸುತ್ತಿದ್ದಿರಿ. ಇಳಕಲ್‌ನಲ್ಲಿ ಹಿಂದಕ್ಕೆ ತೆಗೆಯುವಾಗ ಗೋದಾಮಿನ ಗೋಡೆಗೆ ತಾಗಿತು. ಕಿರಿದಾದ ಸೇತುವೆಯೊಂದರ ಮೇಲೆ ಎದುರಿನ ಬಸ್ಸಿಗೆ ಕನ್ನಡಿ ಬಡಿಯಿತು. ಲೋಕಾಪುರದ ಹತ್ತಿರ ಬೆಳಗಿನ ಜಾವ ನಾಲ್ಕರ ಸುಮಾರಿಗೆ ಕಬ್ಬಿನ ಟ್ರೇಲರ್‌ನ ಹಿಂಭಾಗಕ್ಕೆ ಮುಟ್ಟಿತು. ಯಾರಿಗೂ ಪೆಟ್ಟಾಗಲಿಲ್ಲ. ಪೊಲೀಸ್ ಪ್ರಕರಣವಾಯಿತು, ತಪ್ಪೊಪ್ಪಿಕೊಂಡು ದಂಡ ಕಟ್ಟಿದಿರಿ, ಮಾಲೀಕರು ಕೆಲಸ ಬಿಡಿಸಿದರು. ಆಮೇಲೆ ಊರಿನಲ್ಲಿ ಅಂಗಡಿ ಇಟ್ಟಿರಿ, ಅದು ಕೈಹಿಡಿಯಲಿಲ್ಲ. 'ಮೂರೂ ಸಣ್ಣವೇ, ಮರೆತುಬಿಡಬಹುದಲ್ಲವೇ' ಎಂದು ಕೇಳಿದ್ದೀರಿ.

ಮೊದಲಿನ ಎರಡನ್ನು ಮರೆಯಬಹುದು. ಗೋಡೆಗೆ ತಾಗಿಸದ, ಕನ್ನಡಿ ಒಡೆಯದ ಚಾಲಕ ಇದ್ದರೆ ಅವನು ಲಾರಿಯನ್ನು ಮನೆಯ ಮುಂದೆ ನಿಲ್ಲಿಸಿ ಪೂಜೆ ಮಾಡುತ್ತಿರಬೇಕು. ಆದರೆ ಮೂರನೆಯದನ್ನು ಅವುಗಳ ಜೊತೆ ಒಂದೇ ಗಂಟಿನಲ್ಲಿ ಕಟ್ಟಬೇಡಿ. ಅದು ಖರ್ಚಿನ ಲೆಕ್ಕದಲ್ಲಿ ಮಾತ್ರ ಸಣ್ಣದು.

ನಾಲ್ಕು ಗಂಟೆಯ ಹೊತ್ತಿಗೆ ಮುಂದಿನ ವಾಹನದ ಹಿಂಭಾಗಕ್ಕೆ ಮುಟ್ಟಿತು ಎಂದರೆ ನನಗೆ ಹೊಳೆಯುವ ಕಾರಣಗಳು ಎರಡೇ: ಒಂದೋ ಕಣ್ಣಿಗೆ ಕಾಣಲಿಲ್ಲ, ಇಲ್ಲವೇ ಕಣ್ಣು ಮುಚ್ಚಿತ್ತು. ಕಬ್ಬಿನ ಹಂಗಾಮಿನಲ್ಲಿ ಮುಧೋಳ, ಜಮಖಂಡಿ, ಗೋಕಾಕ ರಸ್ತೆಗಳಲ್ಲಿ ಓಡಾಡಿದ ಯಾರಿಗೂ ಆ ಟ್ರೇಲರ್‌ಗಳ ಪರಿಚಯ ಹೇಳಬೇಕಿಲ್ಲ. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್, ಹಿಂದೆ ದೀಪವಿಲ್ಲ, ಪ್ರತಿಫಲಕ ಪಟ್ಟಿಯಿದ್ದರೂ ಜೋತುಬಿದ್ದ ಕಬ್ಬಿನ ಸೋಗೆ ಅದನ್ನು ಮುಚ್ಚಿರುತ್ತದೆ. ತಪ್ಪು ಟ್ರ್ಯಾಕ್ಟರಿನವನದೂ ಹೌದು, ಒಪ್ಪುತ್ತೇನೆ. ಆದರೆ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಲಾರಿ ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಟ್ರೇಲರ್ ಕಂಡು ಕಾಲು ಬ್ರೇಕ್ ತುಳಿಯುವಷ್ಟರಲ್ಲೇ ಇಪ್ಪತ್ತು ಮೀಟರ್ ಹೋಗಿರುತ್ತದೆ, ಲೋಡ್ ಆದ ಲಾರಿ ನಿಲ್ಲುವುದು ಅದಾದ ಮೇಲಿನ ಮಾತು. ಬರೀ ಮುಟ್ಟಿತು ಎಂದಿದ್ದೀರಿ. ಅಂದರೆ ಕೊನೆಯ ಕ್ಷಣದಲ್ಲಿ ನೀವು ಬ್ರೇಕ್ ಹಾಕಿದ್ದೀರಿ. ಪೂರ್ತಿ ನಿದ್ದೆಯಲ್ಲಿದ್ದಿದ್ದರೆ ಈ ಪ್ರಶ್ನೆ ಕೇಳಲು ನೀವು ಇರುತ್ತಿರಲಿಲ್ಲ. ಹಾಗಾದರೆ ತೂಕಡಿಕೆಯೋ, ಕಣ್ಣಿನ ದೋಷವೋ? ಉತ್ತರವನ್ನು ನನಗೆ ಬರೆಯಬೇಕಿಲ್ಲ. ನಿಮಗೆ ಗೊತ್ತಿದ್ದರೆ ಸಾಕು, ಏಕೆಂದರೆ ಎರಡಕ್ಕೂ ಮದ್ದು ಬೇರೆ ಬೇರೆ.

ಕಣ್ಣಾಗಿದ್ದರೆ ಸುಲಭ. ಎದುರಿನ ವಾಹನದ ದೀಪ ಚೂರುಚೂರಾಗಿ ನಕ್ಷತ್ರದಂತೆ ಹರಡಿ ಕಾಣುತ್ತದೆಯೇ, ಬೆಳಕು ದಾಟಿಹೋದ ಮೇಲೆ ಕೆಲ ಹೊತ್ತು ರಸ್ತೆಯೇ ತೋಚುವುದಿಲ್ಲವೇ? ಕನ್ನಡಕದಿಂದ ಸರಿಯಾಗುವ ದೋಷವಿರಬಹುದು, ಪೊರೆ ಶುರುವಾಗಿರಬಹುದು, ಸಕ್ಕರೆ ಕಾಯಿಲೆಯೂ ಇರಬಹುದು. ನಲವತ್ತು ದಾಟಿದವರಿಗೆ ಇದರಲ್ಲಿ ನಾಚಿಕೆಯೇನಿಲ್ಲ. ಲಾರಿ ಓಡಿಸಲು ಬೇಕಾದ ಸಾರಿಗೆ ಲೈಸೆನ್ಸಿನ ನವೀಕರಣಕ್ಕೆ ವೈದ್ಯರ ಪ್ರಮಾಣಪತ್ರ, ಅಂದರೆ ನಮೂನೆ 1ಎ, ಹೇಗೂ ಬೇಕೇಬೇಕು. ಸಹಿ ಹಾಕಿಸಿಕೊಂಡು ಎದ್ದು ಬರುವ ಬದಲು ನೇತ್ರತಜ್ಞರ ಬಳಿ ನಿಜವಾಗಿಯೂ ಪರೀಕ್ಷೆ ಮಾಡಿಸಿಕೊಳ್ಳಿ. ಸಕ್ಕರೆ ಪ್ರಮಾಣವನ್ನೂ ಅಂದೇ ನೋಡಿಸಿ.

ನಿದ್ದೆಯಾಗಿದ್ದರೆ ಕಷ್ಟ, ಏಕೆಂದರೆ ಅದು ನಿಮ್ಮೊಬ್ಬರ ಕೈಯಲ್ಲಿಲ್ಲ. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ, ಐದು ಗಂಟೆ ಓಡಿಸಿದ ಮೇಲೆ ಕನಿಷ್ಠ ಅರ್ಧ ಗಂಟೆ ಬಿಡುವು ಎಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ರಸ್ತೆಯ ಮೇಲೆ ಆ ಲೆಕ್ಕ ಇಟ್ಟವರನ್ನು ನಾನು ಹೆಚ್ಚು ಕಂಡಿಲ್ಲ. ಆದ್ದರಿಂದ ನೀವು ಹುಡುಕಬೇಕಾದದ್ದು ಲಾರಿಯನ್ನಲ್ಲ, ಮಾಲೀಕನನ್ನು. ಫೋನಿನಲ್ಲಿ ಅರ್ಧ ಗಂಟೆಗೊಮ್ಮೆ 'ಎಲ್ಲಿದ್ದೀ, ಎಲ್ಲಿದ್ದೀ' ಎನ್ನುವವನ ಹತ್ತಿರ ಹೋದರೆ ನಾಲ್ಕನೆಯ ಅಪಘಾತ ಕಾದಿದೆ ಎಂದೇ ತಿಳಿಯಿರಿ.

ಇನ್ನು ಮಾಲೀಕರು ಸಣ್ಣ ಅಪಘಾತಗಳಿಗೆ ಇಷ್ಟು ಉರಿದುಬೀಳುವುದೇಕೆ ಎಂಬುದು. ಇದು ಚಾಲಕರಿಗೆ ಯಾರೂ ಹೇಳದ ವಿಷಯ. ಸರಕು ವಾಹನದ ವಿಮೆಯಲ್ಲಿ ದೀಪ, ಟಯರು, ಮಡ್‌ಗಾರ್ಡ್, ಬಾನೆಟ್ಟಿನ ಪಕ್ಕದ ಭಾಗ, ಬಂಪರ್, ಬಣ್ಣ ಇವುಗಳ ಹಾನಿ ಸಾಮಾನ್ಯವಾಗಿ ಸೇರುವುದೇ ಇಲ್ಲ. ಲಾರಿಯೇ ಪೂರ್ತಿ ನಾಶವಾದರೆ ಬೇರೆ ಮಾತು. ಇವಕ್ಕೆ ಐಎಂಟಿ 23 ಎಂಬ ಷರತ್ತನ್ನು ಹೆಚ್ಚುವರಿ ಹಣ ಕಟ್ಟಿ ಸೇರಿಸಿಕೊಳ್ಳಬೇಕು. ಕಂತು ಉಳಿಸಲು ಬಹಳ ಮಂದಿ ಸೇರಿಸಿಕೊಂಡಿರುವುದಿಲ್ಲ. ಸೇರಿಸಿಕೊಂಡವನೂ ಒಂದು ಬಂಪರಿಗಾಗಿ ವಿಮೆ ಕೇಳಿದರೆ ಮುಂದಿನ ವರ್ಷ ನೋ ಕ್ಲೇಮ್ ಬೋನಸ್ ಕಳೆದುಕೊಳ್ಳುತ್ತಾನೆ. ಮೊದಲ ವರ್ಷಕ್ಕೆ ಶೇ 20ರಿಂದ ಆರಂಭವಾಗಿ ಐದು ವರ್ಷ ವಿಮೆ ಕೇಳದಿದ್ದರೆ ಶೇ 50ರವರೆಗೆ ಏರುವ ರಿಯಾಯಿತಿ ಅದು. ಹೀಗಾಗಿ ದೊಡ್ಡ ಅಪಘಾತದ ಹಣ ವಿಮಾ ಕಂಪನಿಯಿಂದ ಬರುತ್ತದೆ, ಸಣ್ಣದರ ಹಣ ಮಾಲೀಕನ ಜೇಬಿನಿಂದ ಹೋಗುತ್ತದೆ. ನಿಮ್ಮ ಹಳೆಯ ಮಾಲೀಕರು ಗೋಡೆಯ ಕಥೆಯನ್ನು ಇಂದಿಗೂ ಹೇಳಿಕೊಂಡು ತಿರುಗುತ್ತಿದ್ದರೆ ಕಾರಣ ಇದೇ.

ಕೆಲಸ ಕೇಳಲು ಹೊರಡುವ ಮೊದಲು ಲೈಸೆನ್ಸ್ ಕಾರ್ಡು ತೆಗೆದು ದಿನಾಂಕ ನೋಡಿ. ಅದರಲ್ಲಿ ಎರಡು ಅವಧಿಗಳಿರುತ್ತವೆ, ಸ್ವಂತ ವಾಹನಕ್ಕೊಂದು, ಸಾರಿಗೆ ವಾಹನಕ್ಕೊಂದು. ಬೈಕು ಓಡಿಸಲು ಇನ್ನೂ ವರ್ಷಗಳಿವೆ ಎಂದುಕೊಂಡು ಸಾರಿಗೆಯ ಅವಧಿ ಮುಗಿದದ್ದನ್ನು ಗಮನಿಸದವರು ಬೇಕಾದಷ್ಟು ಮಂದಿ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಸಾರಿಗೆ ಲೈಸೆನ್ಸ್ 5 ವರ್ಷಕ್ಕೆ ಸಿಗುತ್ತದೆ, ಆದರೆ ಅವಧಿ ಮುಗಿದ ಮೇಲೆ ಹಿಂದೆ ಇದ್ದ 30 ದಿನಗಳ ಸಲಿಗೆ ಈಗಿಲ್ಲ. ಮುಗಿದು ಒಂದು ವರ್ಷ ದಾಟಿದ್ದರೆ ಮತ್ತೆ ಚಾಲನಾ ಪರೀಕ್ಷೆ ಕೊಡಬೇಕು. ನೀವು ಎರಡು ವರ್ಷ ದೂರವಿದ್ದವರು, ಈ ಗುಂಡಿಗೆ ಬಿದ್ದಿರುವ ಸಾಧ್ಯತೆ ಇದೆ. ಜಮಖಂಡಿ ಆರ್‌ಟಿಒ ಕಚೇರಿಗೆ ಹೋಗುವ ಮೊದಲು ಲೈಸೆನ್ಸಿನ ಸರ್ಕಾರಿ ಜಾಲತಾಣವಾದ ಸಾರಥಿ ಪೋರ್ಟಲ್‌ನಲ್ಲಿ ಲೈಸೆನ್ಸ್ ಸಂಖ್ಯೆ ಹಾಕಿ ಸ್ಥಿತಿ ನೋಡಿಕೊಳ್ಳಿ. ಮಾಲೀಕರೂ ಅದನ್ನೇ ನೋಡುತ್ತಾರೆ. ಲೈಸೆನ್ಸ್ ಇಲ್ಲದವನು ಅಪಘಾತ ಮಾಡಿದರೆ ವಿಮಾ ಕಂಪನಿ ಗಾಯಾಳುವಿಗೆ ಪರಿಹಾರ ಕೊಟ್ಟು, ಆ ಹಣವನ್ನು ಮಾಲೀಕನಿಂದಲೇ ವಸೂಲಿ ಮಾಡಲು ಬರುತ್ತದೆ.

ದಂಡ ಕಟ್ಟಿದ ಪ್ರಕರಣದ ಬಗ್ಗೆ: ತಪ್ಪೊಪ್ಪಿಕೊಂಡು ಸಾವಿರವೋ ಎರಡು ಸಾವಿರವೋ ಕಟ್ಟಿ ಬಂದರೂ ಕಾನೂನಿನ ಕಣ್ಣಿಗೆ ಅದು ಶಿಕ್ಷೆಯೇ. ನ್ಯಾಯಾಲಯದ ಆದೇಶದ ಪ್ರತಿ ಮತ್ತು ರಸೀದಿ ಜೋಪಾನವಾಗಿರಲಿ. ಮೋಟಾರು ವಾಹನ ಕಾಯ್ದೆಯ 184ನೇ ಕಲಂ, ಅಂದರೆ ಅಪಾಯಕಾರಿ ಚಾಲನೆ, ಅದರಲ್ಲಿ ಸೇರಿದ್ದರೆ ಮೂರು ವರ್ಷದೊಳಗೆ ಅಂಥದ್ದೇ ಇನ್ನೊಂದಾದಾಗ ಎರಡು ವರ್ಷದವರೆಗೆ ಜೈಲು ಅಥವಾ 10,000 ರೂಪಾಯಿ ದಂಡ, ಇಲ್ಲವೇ ಎರಡೂ ಬೀಳಬಹುದು. ಆದೇಶದಲ್ಲಿ ಯಾವ ಕಲಂ ಇದೆ ಎಂದು ವಕೀಲರಿಂದ ಓದಿಸಿಕೊಳ್ಳಿ. ದೊಡ್ಡ ಪಾರ್ಸೆಲ್ ಕಂಪನಿಗಳು ಪೊಲೀಸ್ ಪರಿಶೀಲನಾ ಪ್ರಮಾಣಪತ್ರವನ್ನೂ ಕೇಳುತ್ತವೆ, ಅದಕ್ಕೆ ರಾಜ್ಯ ಸರ್ಕಾರದ ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು.

ಮಾಲೀಕರಿಗೆ ಹೇಳಬೇಕೇ, ಮುಚ್ಚಿಡಬೇಕೇ? ಹೇಳಿ. ನೀತಿಯ ಮಾತು ಬಿಡಿ, ಮುಚ್ಚಿಡಲು ಆಗುವುದೇ ಇಲ್ಲ. ಹತ್ತರಗಿ ಟೋಲಿನಿಂದ ಹಿರೇಬಾಗೇವಾಡಿ ಟೋಲಿನವರೆಗಿನ ಢಾಬಾಗಳಲ್ಲಿ ಒಂದು ಚಹಾ ಕುಡಿದು ವಿಚಾರಿಸಿದರೆ ನಿಮ್ಮ ಜಾತಕವೇ ಸಿಗುತ್ತದೆ. ಆದರೆ ಹೇಳುವ ರೀತಿಯಿದೆ. 'ಏನೂ ಆಗಲಿಲ್ಲ ಮಾಲೀಕರೆ, ಎದುರಿನವನದೇ ತಪ್ಪು' ಎನ್ನುವವನನ್ನು ನಾನು ಚಹಾ ಕುಡಿಸಿ ಕಳಿಸುತ್ತೇನೆ. ಎಲ್ಲಿ, ಎಷ್ಟು ಗಂಟೆಗೆ, ಹಿಂದಿನ ರಾತ್ರಿ ಎಷ್ಟು ಹೊತ್ತು ಓಡಿಸಿದ್ದೆ, ಈಗ ಏನು ಬದಲಾಗಿದೆ ಎಂದು ಹೇಳುವವನನ್ನು ಕೂರಿಸಿಕೊಳ್ಳುತ್ತೇನೆ. ಹೊಸ ಕನ್ನಡಕದ ಚೀಟಿ ತೋರಿಸಿದರೆ ಅದು ಯಾರದೋ ಶಿಫಾರಸು ಪತ್ರಕ್ಕಿಂತ ಹೆಚ್ಚಿನ ಕೆಲಸ ಮಾಡುತ್ತದೆ.

ಆಮೇಲೆ ಪರೀಕ್ಷೆ. ನಾನು ಯಾರನ್ನೂ ಹೆದ್ದಾರಿಗೆ ಕರೆದೊಯ್ಯುವುದಿಲ್ಲ, ಖಾಲಿ ಹೆದ್ದಾರಿಯಲ್ಲಿ ಎಲ್ಲರೂ ಶೂರರೇ. ಜನಜಂಗುಳಿ ಕಡಿಮೆಯಾದ ಹೊತ್ತು ನೋಡಿ ರವಿವಾರ ಪೇಟೆಯ ಓಣಿಗೆ ಕರೆದೊಯ್ದು ಲಾರಿಯನ್ನು ಹಿಂದಕ್ಕೆ ತೆಗೆಯಲು ಹೇಳುತ್ತೇನೆ. ಕಳೆದ ಸಲ ಅಥಣಿ ಕಡೆಯ ಚಾಲಕರೊಬ್ಬರು ಬಂದಿದ್ದರು, ಅವರ ಬಗ್ಗೆಯೂ ಅಲ್ಲಿಲ್ಲಿ ತಾಗಿಸಿದ ಕಥೆಗಳಿದ್ದವು. ಹ್ಯಾಂಡ್ ಬ್ರೇಕ್ ಎಳೆದು ಕೆಳಗಿಳಿದರು. ಹಿಂದೆ ಹೋಗಿ ಗಟಾರದ ಮೇಲಿನ ಹಾಸುಗಲ್ಲನ್ನು ಕಾಲಿನಿಂದ ಒತ್ತಿ ಅಲುಗಾಡುತ್ತದೆಯೇ ಎಂದು ನೋಡಿದರು. ತಲೆಯೆತ್ತಿ ವಿದ್ಯುತ್ ತಂತಿ ನೋಡಿದರು. ಅಂಗಡಿಯವರಿಗೆ ಹೇಳಿ ಬೈಕೊಂದನ್ನು ಸರಿಸಿದರು. ಮತ್ತೆ ಹತ್ತಿ, ಹಾಡು ನಿಲ್ಲಿಸಿ, ಎರಡೂ ಕಿಟಕಿಯ ಗಾಜು ಇಳಿಸಿ ಕ್ಲೀನರ್ ಹುಡುಗನಿಗೆ, 'ತಮ್ಮಾ, ನನ್ನ ಕನ್ನಡಿಯಲ್ಲಿ ಕಾಣುವ ಕಡೆಯೇ ನಿಲ್ಲು. ಬರಲಿ ಬರಲಿ ಎಂದು ಕೂಗುವುದು ಬೇಡ. ನೀನು ಕಾಣದಾದೆಯೋ, ನಾನು ನಿಲ್ಲಿಸುತ್ತೇನೆ' ಎಂದರು. ಹಮಾಲರು ಬೇಗ ಬೇಗ ಎಂದು ಗದ್ದಲ ಎಬ್ಬಿಸಿದರು, ಇವರು ಅತ್ತ ತಿರುಗಿಯೂ ನೋಡಲಿಲ್ಲ. ನನ್ನ ತೀರ್ಮಾನ ಅಷ್ಟರಲ್ಲೇ ಆಗಿಹೋಗಿತ್ತು, ಲಾರಿ ಹಿಂದಕ್ಕೆ ಹೋದದ್ದನ್ನು ನಾನು ಸರಿಯಾಗಿ ಗಮನಿಸಲೂ ಇಲ್ಲ. ನೀವೂ ಇದನ್ನೇ ರೂಢಿ ಮಾಡಿಕೊಳ್ಳಿ. ಇಳಕಲ್‌ನ ಗೋಡೆಗೆ ಇಷ್ಟೇ ಮದ್ದು.

ಯಾವ ಕೆಲಸದಿಂದ ಶುರು ಮಾಡಬೇಕು ಎಂಬುದರಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಗಡುಸು. ಕಬ್ಬಿನ ಹಂಗಾಮಿಗೆ ಸೇರಬೇಡಿ. ಅಕ್ಟೋಬರ್ ನವೆಂಬರ್ ಬಂತೆಂದರೆ ಸಕ್ಕರೆ ಕಾರ್ಖಾನೆಗಳ ಸುತ್ತ ಯಾರು ಹೋದರೂ ಕೆಲಸ ಸಿಗುತ್ತದೆ, ಹಳೆಯ ಅಪಘಾತದ ಬಗ್ಗೆ ಯಾರೂ ಕೇಳುವುದಿಲ್ಲ, ಮುಂಗಡವೂ ಕೈಗೆ ಬರುತ್ತದೆ. ಕೇಳದಿರುವುದೇ ಅಲ್ಲಿನ ಅಪಾಯ. ಟನ್ನಿನ ಲೆಕ್ಕದಲ್ಲಿ ಬಾಡಿಗೆ, ಆದ್ದರಿಂದ ಮಿತಿಮೀರಿದ ಲೋಡ್. ಹಗಲು ಹೊಲದಲ್ಲಿ ಕಾಯುವುದು, ರಾತ್ರಿ ಕಾರ್ಖಾನೆಯ ಅಂಗಳದಲ್ಲಿ ಸರದಿಗಾಗಿ ಕಾಯುವುದು, ನಡುವೆ ನಿದ್ದೆಯಿಲ್ಲದೆ ಓಡಿಸುವುದು. ಅತಿಭಾರಕ್ಕೆ 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ ದಂಡವಿದೆ. ನಿದ್ದೆಯೇ ನಿಮ್ಮ ತೊಂದರೆಯಾಗಿದ್ದರೆ ಅಲ್ಲಿಗೆ ಮರಳುವುದು ಬೆಂಕಿಗೆ ತುಪ್ಪ ಸುರಿದಂತೆ.

ಲೋಕಾಪುರ, ಮುದ್ದಾಪುರ ಕಡೆಯ ಸಿಮೆಂಟ್ ಬಾಡಿಗೆ ಇದಕ್ಕಿಂತ ಮೇಲು. ಗೇಟಿನಲ್ಲಿ ಕಾಗದಪತ್ರ, ಬೂಟು, ಹೆಲ್ಮೆಟ್ಟು ಎಂದು ಕಿರಿಕಿರಿ ಮಾಡುತ್ತಾರೆ ಎಂದು ಚಾಲಕರು ಬೈಯುತ್ತಾರೆ, ನನಗೆ ಮಾತ್ರ ಆ ಕಿರಿಕಿರಿಯೇ ಇಷ್ಟ. ಬೆಳಗಾವಿ, ಯರಗಟ್ಟಿ, ಲೋಕಾಪುರ, ಬಾಗಲಕೋಟೆ ರಸ್ತೆಯಲ್ಲಿ ಹಗಲು ಓಡಾಟದ ಬಾಡಿಗೆ ಸಿಕ್ಕರೆ ಒಂದೆರಡು ತಿಂಗಳು ಅದನ್ನೇ ಮಾಡಿ. ತರಕಾರಿ ಲೋಡ್ ಹಿಡಿದು ರಾತ್ರೋರಾತ್ರಿ ಚೋರ್ಲಾ ಘಾಟ್ ಇಳಿದು ಗೋವಾ ಮುಟ್ಟುವ ಕೆಲಸ ಸದ್ಯಕ್ಕೆ ಬೇಡ, ಅರಬೈಲು ಘಟ್ಟವೂ ಬೇಡ. ಟ್ಯಾಂಕರ್ ಕಡೆ ನೋಡಲೇಬೇಡಿ. ಅಪಾಯಕಾರಿ ಸರಕಿಗೆ ಬೇರೆ ತರಬೇತಿ, ಲೈಸೆನ್ಸಿನಲ್ಲಿ ಬೇರೆ ನಮೂದು ಬೇಕು.

ಒಂದು ವೇಳೆ ಸಾರಿಗೆ ಲೈಸೆನ್ಸ್ ಅವಧಿ ಮುಗಿದೇ ಹೋಗಿದ್ದು, ಮನೆಯಲ್ಲಿ ಒಲೆ ಉರಿಯಬೇಕೆಂದಿದ್ದರೆ ಒಂದು ದಾರಿಯಿದೆ. ಒಟ್ಟು ತೂಕ 7,500 ಕೆಜಿ ಮೀರದ ಸರಕು ವಾಹನವನ್ನು ಲಘು ವಾಹನದ ಲೈಸೆನ್ಸಿನಲ್ಲೇ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಹೇಳಿದೆ. ಹತ್ತು ಚಕ್ರ ಓಡಿಸಿದವರಿಗೆ ಸಣ್ಣ ಪಿಕಪ್ ಹತ್ತುವುದು ಮುಜುಗರವೆನಿಸುತ್ತದೆ. ಆದರೆ ಪೇಟೆಯ ಓಣಿಗಳಲ್ಲಿ ದಿನವಿಡೀ ಹಿಂದಕ್ಕೆ ಮುಂದಕ್ಕೆ ತೆಗೆಯುವ ಕೆಲಸ ಅದು, ಎರಡು ವರ್ಷ ಜಡ್ಡುಗಟ್ಟಿದ ಕೈಗೆ ಅದಕ್ಕಿಂತ ಒಳ್ಳೆಯ ತಾಲೀಮು ಇಲ್ಲ.

ಕೆಲಸ ಗೊತ್ತಾದ ಮೇಲೆ ಸಂಬಳದ ಚೌಕಾಸಿಯನ್ನು ಸ್ವಲ್ಪ ಬದಿಗಿಟ್ಟು ಮೂರು ಮಾತು ಮೊದಲೇ ಆಡಿಕೊಳ್ಳಿ: ರಾತ್ರಿ ಎಷ್ಟು ಗಂಟೆಗೆ ನಿಲ್ಲಿಸಬಹುದು, ತಡವಾದರೆ ಭತ್ತೆ ಕಡಿತವಿದೆಯೇ, ಬಂಪರ್ ಒಡೆದರೆ ಯಾರ ಖರ್ಚು. ಲಾರಿಯ ವಿಮೆಯಲ್ಲಿ ಐಎಂಟಿ 23 ಇದೆಯೇ ಎಂದೂ ಕೇಳಿ. ಚಾಲಕನ ಬಾಯಿಂದ ಆ ಪ್ರಶ್ನೆ ಬಂದರೆ ಮಾಲೀಕ ಒಮ್ಮೆ ನೆಟ್ಟಗೆ ಕೂರುತ್ತಾನೆ. ಮೊದಲ ಬಾಡಿಗೆಗೆ ಹೊರಡುವ ಮುನ್ನ ಲಾರಿಯ ಸುತ್ತ ಒಂದು ಸುತ್ತು ಹಾಕಿ, ಈಗಾಗಲೇ ಇರುವ ತಗ್ಗು, ಗೀರು, ಒಡೆದ ದೀಪ ಎಲ್ಲದರ ಫೋಟೊ ತೆಗೆದು ಮಾಲೀಕರ ವಾಟ್ಸಾಪಿಗೆ ಕಳಿಸಿಬಿಡಿ. ಅದಕ್ಕೆ ಮುನಿಸಿಕೊಳ್ಳುವವನಾದರೆ ಇನ್ನೊಬ್ಬ ಮಾಲೀಕನನ್ನು ಹುಡುಕಿಕೊಳ್ಳಿ.