ಪ್ರತಿ: ರ‍್ಯಾಮ್ ಹಾಕಿದ ಮೇಲೆ ನೀಲಿ ಪರದೆ

ಸರ್, ಬೆಂಗಳೂರಿನ ಎಸ್‌ಪಿ ರೋಡಿಂದ ಸೆಕೆಂಡ್‌ಹ್ಯಾಂಡ್ 4 ಜಿಬಿ ರ‍್ಯಾಮ್ ತಂದು ಹಳೇ ಡೆಸ್ಕ್‌ಟಾಪಿಗೆ ಹಾಕಿದ ಮೇಲೆ ‘ಸಿಸ್ಟಮ್ ಸರ್ವಿಸ್ ಎಕ್ಸೆಪ್ಶನ್’ ಅಂತ ನೀಲಿ ಪರದೆ ಬರ್ತಿದೆ, ವಿಂಡೋಸ್ 10 ಮತ್ತೆ ಹಾಕಿಸಬೇಕಾ ಅಂತ ಕೇಳಿದ್ದೀರಿ. ಈಗಲೇ ಬೇಡ. ಹೆಸರಲ್ಲಿ ಸರ್ವಿಸ್ ಇದೆ ಅಂತ ಸರ್ವಿಸಸ್ ಪಟ್ಟಿ ತೆಗೆದು ಒಂದೊಂದೇ ಆಫ್ ಮಾಡೋಕೂ ಹೋಗಬೇಡಿ. ಸಾಮಾನ್ಯವಾಗಿ ತಪ್ಪು ಬಿಡಿಭಾಗಗಳನ್ನ ವಿಂಡೋಸ್ ಜೊತೆ ಮಾತಾಡಿಸೋ ಸಾಫ್ಟ್‌ವೇರ್ ಆದ ಯಾವುದೋ ಡ್ರೈವರ್‌ದು, ಇಲ್ಲಾಂದ್ರೆ ರ‍್ಯಾಮ್‌ದು. ನಿಮ್ಮ ಕೇಸಲ್ಲಿ ನನಗೆ ರ‍್ಯಾಮ್ ಮೇಲೇ ಅನುಮಾನ.

ಗೋಡೆ ಸ್ವಿಚ್ ಆಫ್ ಮಾಡಿ, ಹೊಸದನ್ನ ತೆಗೆದಿಟ್ಟು ಹಳೇದೊಂದರಲ್ಲೇ ಎರಡು ದಿನ ಓಡಿಸಿ. ನೀಲಿ ಪರದೆ ಬರೋದು ನಿಂತರೆ, ತೆಗೆದಿಟ್ಟದ್ದರ ಚಿನ್ನದ ಬಣ್ಣದ ಹಲ್ಲುಗಳನ್ನ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ. ನಾನು ಉಜ್ಜಿದಾಗ ಬಿಳಿ ರಬ್ಬರ್ ಬೂದಿ ಬಣ್ಣಕ್ಕೆ ತಿರುಗಿತ್ತು! ಪುಡಿ ಊದಬೇಡಿ, ಎಂಜಲು ಹಾರುತ್ತೆ, ಬ್ರಷ್‌ನಲ್ಲಿ ಕೊಡವಿ. ವಾಪಸ್ ಕೂರಿಸುವಾಗ ‘ಟಕ್’ ಅಂತ ಲಾಕ್ ಬೀಳಬೇಕು. ಆಮೇಲೆ ಸ್ಟಾರ್ಟ್ ಮೆನುವಿನಲ್ಲಿ ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್ ಹುಡುಕಿ ಓಡಿಸಿ. ಎರರ್ ತೋರಿಸಿದರೆ ಅಂಗಡಿಯವನಿಗೇ ವಾಪಸ್ ಕೊಡಿ, ವಾದ ಮಾಡಿಯಾದರೂ ಸರಿ.

ಹೊಸದನ್ನ ತೆಗೆದ ಮೇಲೂ ನೀಲಿ ಪರದೆ ಬಂದರೆ ಪರದೆಯ ಕೆಳಗೆ ‘ವಾಟ್ ಫೇಲ್ಡ್’ ಅಂತ ಇದೆಯಾ ನೋಡಿ, ಮೊಬೈಲಲ್ಲಿ ಫೋಟೋ ಹೊಡೆದುಕೊಳ್ಳಿ. ಅಲ್ಲಿ ವೈಫೈ ಡಾಂಗಲ್ ಅಥವಾ ಗ್ರಾಫಿಕ್ಸ್ ಡ್ರೈವರ್ ಹೆಸರಿದ್ದರೆ ಆ ಡ್ರೈವರನ್ನ ಅನ್‌ಇನ್‌ಸ್ಟಾಲ್ ಮಾಡಿ ಹೊಸದಾಗಿ ಹಾಕಿ. ‘ವಿನ್32ಕೆ’ ಅಂತಿದ್ದರೆ ಅದು ವಿಂಡೋಸ್‌ದೇ ಫೈಲು, ಬೇರೆಯವರ ತಪ್ಪಿಗೆ ಏಟು ತಿಂದಿರಬಹುದು. ಏನೇ ಮಾಡಿದರೂ ಮೊದಲು ಫೋಟೋ, ಲೆಕ್ಕದ ಫೈಲುಗಳನ್ನ ಪೆನ್‌ಡ್ರೈವಿಗೆ ಹಾಕಿಕೊಳ್ಳಿ.