ಓದಲು ಬರುವ, ಆದರೆ ಓದದ ಮಕ್ಕಳಿಗೆ ತರಗತಿಯಲ್ಲಿ ಏನು ಮಾಡಿಸಬಹುದು

ನಮಸ್ಕಾರ ಮೇಡಂ. ನಿಮ್ಮ ಪ್ರಶ್ನೆ ಓದಿದೆ. ಐದನೇ ತರಗತಿ, 38 ಮಕ್ಕಳು, 40 ನಿಮಿಷದ ಪೀರಿಯಡ್. ಹೆಚ್ಚಿನವರಿಗೆ ಓದಲು ಬರುತ್ತದೆ, ಆದರೆ ನೀವು ಹೇಳದೆ ಪುಸ್ತಕ ಮುಟ್ಟುವುದಿಲ್ಲ. ಓದುವ ಮೂಲೆಯ ಪುಸ್ತಕಗಳು ಜೋಡಿಸಿಟ್ಟ ಹಾಗೇ ಇವೆ. ಓದಿದ ಪುಸ್ತಕಕ್ಕೊಂದು ಸ್ಟಾರ್ ಅಂಟಿಸುವ ಸ್ಟಾರ್ ಚಾರ್ಟ್ ಹಾಕಲೇ, ಬೇರೆ ಚಟುವಟಿಕೆ ಏನಾದರೂ ಇದೆಯೇ ಅಂತ ಕೇಳಿದ್ದೀರಿ. ಉತ್ತರ ಸ್ವಲ್ಪ ಉದ್ದ ಆಗುತ್ತದೆ, ಬಿಡುವಾದಾಗ ಓದಿ.

ಚಟುವಟಿಕೆ ಹುಡುಕಿದರೆ ನೂರು ಸಿಗುತ್ತವೆ. ಪುಸ್ತಕಕ್ಕೆ ಹೊಸ ಮುಖಪುಟ ಬರೆಯಿರಿ, ಪಾತ್ರದ ಮುಖವಾಡ ಮಾಡಿ, ಕಥೆಯ ಚಾರ್ಟ್ ಅಂಟಿಸಿ. ಮಕ್ಕಳು ಖುಷಿಯಿಂದ ಮಾಡುತ್ತಾರೆ. ಆದರೆ ಕತ್ತರಿಸಿ ಅಂಟಿಸುವುದರಲ್ಲೇ 35 ನಿಮಿಷ ಹೋಗುತ್ತದೆ, ಓದುವುದು 5 ನಿಮಿಷ. ನಾನೂ ಎರಡು ವರ್ಷ ಹೀಗೇ ಮಾಡಿದೆ. ಈಗ ಯಾವ ಚಟುವಟಿಕೆ ಬಂದರೂ ಒಂದೇ ಪ್ರಶ್ನೆ ಹಾಕಿ ನೋಡುತ್ತೇನೆ. ಇದನ್ನು ಮಾಡಬೇಕಾದರೆ ಮಗು ತಾನಾಗಿ ಮತ್ತೆ ಪುಟ ತೆಗೆದು ನೋಡಬೇಕಾಗುತ್ತದೆಯೇ? ಹೌದಾದರೆ ಇಟ್ಟುಕೊಳ್ಳುತ್ತೇನೆ. ಇಲ್ಲದಿದ್ದರೆ ಅದನ್ನು ಡ್ರಾಯಿಂಗ್ ಪೀರಿಯಡ್‌ಗೆ ಬಿಟ್ಟುಕೊಡುತ್ತೇನೆ.

ನೀವು ಮೊದಲು ಶುರು ಮಾಡಬೇಕಾದ್ದು ಕಥೆಯನ್ನು ತಡೆದು ತಡೆದು ಓದಿಸುವುದು. ಕಥೆಯನ್ನು ಮೂರು ನಾಲ್ಕು ತುಂಡು ಮಾಡಿ. ಮೊದಲ ತುಂಡು ಮಾತ್ರ ಕೈಗೆ ಕೊಡಿ. ನಾಲ್ಕು ನಿಮಿಷ ಮನಸ್ಸಿನಲ್ಲೇ ಓದಲಿ, ಎರಡು ನಿಮಿಷ ಪಕ್ಕದವರ ಜೊತೆ ಮಾತಾಡಲಿ. ಆಮೇಲೆ ಮುಂದೇನಾಗಬಹುದು ಅಂತ ಕೇಳಿ. ಇಷ್ಟು ಎಲ್ಲರೂ ಮಾಡುತ್ತಾರೆ. ಅದರ ಹಿಂದೆಯೇ ಇನ್ನೊಂದು ಪ್ರಶ್ನೆ ಬರಬೇಕು: 'ಇಲ್ಲಿರುವ ಯಾವ ಮಾತು ನೋಡಿ ಹಾಗೆ ಹೇಳ್ತಿದ್ದೀಯ?'

ಇದಕ್ಕೆಂದೇ ನಾನು ಒಂದು ಪುಟದ ಕಥೆ ಬರೆದುಕೊಂಡಿದ್ದೆ. ಅಜ್ಜ ಒಂದು ಪೆಟ್ಟಿಗೆಗೆ ಬೀಗ ಹಾಕುತ್ತಾನೆ. ಮೊಮ್ಮಗಳ ಕಣ್ಣೆದುರೇ ಕೀಲಿಯನ್ನು ಬಾವಿಗೆ ಎಸೆಯುತ್ತಾನೆ. 'ಟಣ್ ಎಂದು ಸದ್ದಾಯಿತು. ಅಜ್ಜ ತಿರುಗಿ ನೋಡದೆ ಒಳಗೆ ಹೋದ.' ಮೊದಲ ತುಂಡು ಅಲ್ಲಿಗೆ ಮುಗಿಯುತ್ತದೆ. ಮುಂದೇನು ಅಂದರೆ ಬೀಗ ಒಡೀತಾಳೆ, ಬೇರೆ ಕೀಲಿ ಮಾಡಿಸ್ತಾಳೆ ಅಂತ ಊಹೆಗಳು ಬಂದವು. ಯಾವ ಮಾತು ನೋಡಿ ಹೇಳಿದಿರಿ ಅಂದ ಕೂಡಲೇ ಕ್ಲಾಸ್ ಸುಮ್ಮನಾಯಿತು. ಕೊನೆ ಬೆಂಚಿನಲ್ಲಿ ಒಬ್ಬ ಹುಡುಗ ಕಾಗದದ ಮೇಲೆ ಬೆರಳಿಟ್ಟುಕೊಂಡು ಕೂತಿದ್ದ. ತಾನಾಗಿ ಬಾಯಿ ಬಿಡುವ ಹುಡುಗ ಅಲ್ಲ. ಬೆರಳು ಒಂದೇ ಕಡೆ ನಿಂತಿತ್ತು. 'ಟೀಚರ್, ಬಾವೀಲಿ ನೀರಿಲ್ಲ' ಅಂದ. ಯಾಕೋ ಅಂದೆ. 'ನೀರಿದ್ದಿದ್ರೆ ಬುಳುಂ ಅನ್ಬೇಕಿತ್ತು. ಇಲ್ಲಿ ಟಣ್ ಅಂತಿದೆ. ಕೀಲಿ ಕಲ್ಲಿನ ಮೇಲೆ ಬಿದ್ದಿದೆ.' ಇಡೀ ಕ್ಲಾಸ್ ಕಾಗದದ ಮೇಲೆ ಬಗ್ಗಿತು. ಎರಡು ಗಳಿಗೆ ಬಿಟ್ಟು ಒಬ್ಬ ಹುಡುಗಿ, 'ಹಾಗಾದ್ರೆ ಅಜ್ಜಂಗೂ ಗೊತ್ತಿತ್ತು! ಅವಳು ತಗೊಳ್ಳಲಿ ಅಂತಾನೇ ಎಸೆದಿದ್ದಾನೆ' ಅಂದಳು. ಎರಡನೇ ತುಂಡು ಕೊಡಲು ಹೋದಾಗ ಕೈಗಳು ನನ್ನ ಹತ್ತಿರ ತಾವಾಗಿ ಚಾಚಿಕೊಂಡವು. ಆ ಒಂದು ಪೀರಿಯಡ್ ನನ್ನ ಪಾಠದ ರೀತಿಯನ್ನೇ ಬದಲಿಸಿತು.

ಇದರಲ್ಲಿ ಒಂದು ಎಚ್ಚರ ಬೇಕು. ಊಹೆ ಬಂದಾಗ 'ವೆರಿ ಗುಡ್, ಸರಿಯಾಗಿ ಹೇಳಿದೆ' ಅನ್ನಬೇಡಿ. ಅಂದರೆ ಮುಂದಿನ ತುಂಡು ಓದುವ ಕಾರಣವೇ ಹೋಯಿತು. 'ಇರಬಹುದು, ನೋಡೋಣ' ಅಂದರೆ ಸಾಕು. ಮುಖದಲ್ಲೂ ಗೊತ್ತಾಗಬಾರದು. ಮಕ್ಕಳು ಪುಸ್ತಕಕ್ಕಿಂತ ಜಾಸ್ತಿ ನಮ್ಮ ಮುಖ ಓದುತ್ತಾರೆ.

ಇದು ರೂಢಿಯಾದ ಮೇಲೆ, ಮೂರು ನಾಲ್ಕು ವಾರ ಬಿಟ್ಟು, ಗುಂಪಿನಲ್ಲಿ ಓದುವುದಕ್ಕೆ ಹೋಗಿ. ಆನ್‌ಮರಿ ಪಾಲಿಂಕ್ಸರ್ ಮತ್ತು ಆನ್ ಬ್ರೌನ್ ಎಂಬ ಇಬ್ಬರು ಸಂಶೋಧಕಿಯರು 1984ರಲ್ಲಿ ಒಂದು ವಿಧಾನವನ್ನು ಬರೆದಿಟ್ಟರು. ಅವರು ಕೆಲಸ ಮಾಡಿದ್ದು ಏಳನೇ ತರಗತಿಯ ಮಕ್ಕಳ ಜೊತೆ. ಆ ಮಕ್ಕಳಿಗೆ ಅಕ್ಷರ ಸರಾಗವಾಗಿ ಬರುತ್ತಿತ್ತು, ಓದಿದ್ದು ಮಾತ್ರ ತಲೆಗೆ ಹತ್ತುತ್ತಿರಲಿಲ್ಲ. ಹೆಚ್ಚುಕಡಿಮೆ ನೀವು ಹೇಳಿದ ಮಕ್ಕಳ ಹಾಗೇ ಅಲ್ವಾ? ಅದರಲ್ಲಿ ನಾಲ್ಕು ಕೆಲಸ. ಒಂದು ಪ್ಯಾರಾ ಓದಿ ಅದರ ಸಾರ ಹೇಳುವುದು, ಅದರ ಮೇಲೆ ಪ್ರಶ್ನೆ ಕೇಳುವುದು, ಅರ್ಥವಾಗದ್ದನ್ನು ಬಿಡಿಸಿಕೊಳ್ಳುವುದು, ಮುಂದಿನದನ್ನು ಊಹಿಸುವುದು. ಮೊದಲು ಟೀಚರ್ ಮಾಡಿ ತೋರಿಸುತ್ತಾರೆ, ಆಮೇಲೆ ಒಬ್ಬೊಬ್ಬ ಮಗುವೂ ಸರದಿಯಲ್ಲಿ ಟೀಚರ್ ಆಗುತ್ತದೆ.

ನಾಲ್ಕನ್ನೂ ಒಂದೇ ದಿನ ಕೊಡಬೇಡಿ. ವಾರಕ್ಕೊಂದು ಸಾಕು. ಒಂದೊಂದು ಕೆಲಸಕ್ಕೆ ಒಂದರಂತೆ ನಾಲ್ಕು ಕಾರ್ಡ್ ಮಾಡಿಡಿ. ಪ್ಯಾರಾ ಮುಗಿದ ಕೂಡಲೇ ಕಾರ್ಡ್ ಪಕ್ಕದವರ ಕೈಗೆ ಹೋಗಬೇಕು. ಇಲ್ಲದಿದ್ದರೆ ಪ್ರಶ್ನೆ ಕೇಳುವ ಕಾರ್ಡ್ ಯಾವಾಗಲೂ ಜೋರಿನ ಮಗುವಿನ ಹತ್ತಿರವೇ ಉಳಿಯುತ್ತದೆ. ನನ್ನ ಅನುಭವದಲ್ಲಿ ಮಕ್ಕಳಿಗೆ ತುಂಬಾ ಇಷ್ಟವಾಗುವುದು ಅರ್ಥವಾಗದ್ದನ್ನು ಎತ್ತಿ ಹೇಳುವ ಕಾರ್ಡ್. ಗೊತ್ತಿಲ್ಲ ಅಂತ ಹೇಳುವುದೇ ಅಲ್ಲಿ ಅವರ ಕೆಲಸ. ಬೇರೆ ಪೀರಿಯಡ್‌ಗಳಲ್ಲಿ ಹಾಗೆ ಹೇಳಲು ಹೆದರುವ ಮಕ್ಕಳು ಇಲ್ಲಿ ಧೈರ್ಯವಾಗಿ ಹೇಳುತ್ತಾರೆ.

ಇನ್ನು ನೀವು ಕೊನೆಯಲ್ಲಿ ಬರೆದ ಆರು ಮಕ್ಕಳ ವಿಷಯ, ತಡವರಿಸಿ ಓದುವವರು. ದಯವಿಟ್ಟು ಅವರಿಗೆ ಆಸಕ್ತಿ ಇಲ್ಲ ಅಂತ ಅಂದುಕೊಳ್ಳಬೇಡಿ. ಒಂದು ಸಾಲು ಓದುವಷ್ಟರಲ್ಲಿ ಸುಸ್ತಾಗುವ ಮಗುವಿಗೆ ಕಥೆಯ ಸುಖ ಎಲ್ಲಿಂದ ಸಿಗಬೇಕು? ಅವರಿಗೆ ಬೇಕಾದ್ದು ಅದದೇ ಚಿಕ್ಕ ಭಾಗವನ್ನು ಹಲವು ಸಲ ಓದುವ ಅವಕಾಶ. ಜೇ ಸ್ಯಾಮುಯೆಲ್ಸ್ ಎಂಬ ಸಂಶೋಧಕರು 1979ರಲ್ಲಿ ಇದನ್ನು ವಿವರವಾಗಿ ಬರೆದರು. 50ರಿಂದ 200 ಪದಗಳ ಒಂದು ಭಾಗ, ಸರಾಗವಾಗುವವರೆಗೆ ಮತ್ತೆ ಮತ್ತೆ. ಆದರೆ ಸುಮ್ನೆ 'ಇನ್ನೊಂದು ಸಲ ಓದು' ಅಂದರೆ ಶಿಕ್ಷೆಯ ಹಾಗೆ ಕೇಳಿಸುತ್ತದೆ. ಮತ್ತೆ ಓದಲು ಒಂದು ಕಾರಣ ಬೇಕು. ಆ ಕಾರಣವನ್ನು ಓದುನಾಟಕ ಕೊಡುತ್ತದೆ.

ಓದುನಾಟಕ ಅಂದರೆ ವೇಷ ಇಲ್ಲ, ಪರದೆ ಇಲ್ಲ, ಬಾಯಿಪಾಠವೂ ಇಲ್ಲ. ಕೈಯಲ್ಲಿ ಕಾಗದ ಹಿಡಿದು ದನಿಯಲ್ಲೇ ನಾಟಕ ಮಾಡುವುದು. ಮಾತುಕತೆ ಜಾಸ್ತಿ ಇರುವ ಕಥೆ ಆರಿಸಿ, ಐದಾರು ಮಕ್ಕಳಿಗೆ ಪಾತ್ರ ಹಂಚಿ, ಸೋಮವಾರ ಕೊಟ್ಟು ಶುಕ್ರವಾರ ಓದಿಸಿ. ನಡುವೆ ದಿನಾ 10 ನಿಮಿಷ ಅಭ್ಯಾಸ. ಅಷ್ಟರಲ್ಲಿ ಹತ್ತು ಹನ್ನೆರಡು ಸಲ ಓದಿರುತ್ತಾರೆ, ಬೇಸರ ಅಂತ ಒಬ್ಬರೂ ಹೇಳುವುದಿಲ್ಲ. ಅಭ್ಯಾಸದ ಹೊತ್ತಿಗೆ ಒಂದೇ ಸಾಲನ್ನು ಹಿಡಿದುಕೊಂಡು ಕೆಲಸ ಮಾಡಿಸಿ. ಒಮ್ಮೆ 'ನೀನು ಬಂದೆಯಾ?' ಅನ್ನುವ ಸಾಲು ಒಬ್ಬ ಹುಡುಗಿಗೆ ಬಂದಿತ್ತು. ಮೊದಲು ಸಪ್ಪೆಯಾಗಿ ಓದಿದಳು. ಸಿಟ್ಟಿನಲ್ಲಿ ಹೇಳು ಅಂದೆ, ಹೇಳಿದಳು. ಖುಷಿಯಲ್ಲಿ ಹೇಳು, ಅನುಮಾನದಲ್ಲಿ ಹೇಳು ಅಂದೆ. ಮೂರೂ ಬಂದವು. 'ಇದರಲ್ಲಿ ಯಾವುದು ಸರಿ?' ಅಂದಾಗ ಅವಳು ನನ್ನನ್ನು ಕೇಳಲಿಲ್ಲ, ಮೇಲಿನ ಸಾಲಿಗೆ ಹೋದಳು. ಅಲ್ಲಿ 'ಚಿಲಕ ತೆಗೆಯದೆ ಒಳಗಿನಿಂದಲೇ ಕೇಳಿದಳು' ಅಂತಿತ್ತು. 'ಅನುಮಾನ, ಟೀಚರ್' ಅಂದಳು.

ತಡವರಿಸುವ ಮಕ್ಕಳಿಗೆ ಚಿಕ್ಕ ಪಾತ್ರ ಕೊಟ್ಟು ಮೂಲೆಗೆ ಹಾಕಬೇಡಿ. ಚಿಕ್ಕ ಚಿಕ್ಕ ಮಾತುಗಳಿರುವ, ಆದರೆ ಪದೇ ಪದೇ ಬರುವ ಪಾತ್ರ ಕೊಡಿ. ಸರಾಗವಾಗಿ ಓದುವ ಒಂದು ಮಗು ಮೊದಲೆರಡು ದಿನ ಜೊತೆಯಲ್ಲೇ ಓದಲಿ. ಹಾಗೆಯೇ, ಒಬ್ಬೊಬ್ಬರನ್ನೇ ನಿಲ್ಲಿಸಿ ಮುಂದಿನ ಪ್ಯಾರಾ ಗಟ್ಟಿಯಾಗಿ ಓದಿಸುವ ಪದ್ಧತಿ ನಿಮ್ಮಲ್ಲಿದ್ದರೆ ಅದನ್ನು ನಿಲ್ಲಿಸಿಬಿಡಿ. ಒಂದು ಮಗು ಓದುವಾಗ 37 ಮಕ್ಕಳು ತಮ್ಮ ಸರದಿ ಎಲ್ಲಿಗೆ ಬರುತ್ತದೆ ಅಂತ ಎಣಿಸುತ್ತಾ ಕೂತಿರುತ್ತಾರೆ. ತಡವರಿಸುವ ಮಗುವಿಗಂತೂ ಎಲ್ಲರೆದುರು ಅವಮಾನ. ಇದನ್ನು ಖಡಾಖಂಡಿತವಾಗಿ ಹೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಓದುವ ಮೂಲೆಗೆ ಬರೋಣ. ಪುಸ್ತಕಗಳ ಬೆನ್ನು ಮಾತ್ರ ಕಾಣುವ ಹಾಗೆ ಜೋಡಿಸಿದ್ದರೆ ಮೊದಲು ಮುಖಪುಟ ಕಾಣುವಂತೆ ತಿರುಗಿಸಿ. ಎಲ್ಲವನ್ನೂ ಇಡಬೇಡಿ. ಹದಿನೈದಿಟ್ಟು, ಎರಡು ವಾರಕ್ಕೊಮ್ಮೆ ಬದಲಿಸಿ. ಆಮೇಲೆ ಒಂದು ಪೀರಿಯಡ್ ಪುಸ್ತಕದ ರುಚಿ ನೋಡುವುದಕ್ಕೇ ಕೊಡಿ. ಎಂಟು ಗುಂಪು ಮಾಡಿ, ಗುಂಪಿಗೆ ಐದು ಪುಸ್ತಕ, ಎತ್ತಿಟ್ಟವನ್ನೂ ಸೇರಿಸಿ. ಒಬ್ಬೊಬ್ಬರ ಕೈಗೆ ಒಂದು, ನಾಲ್ಕು ನಿಮಿಷ ಓದುವುದು, ಪಕ್ಕಕ್ಕೆ ದಾಟಿಸುವುದು. ಐದು ಸುತ್ತಿಗೆ 20 ನಿಮಿಷ. ಒಂದು ಚೀಟಿಯಲ್ಲಿ ಪುಸ್ತಕದ ಹೆಸರು ಬರೆದು ಎದುರಿಗೆ 'ಬೇಕು', 'ಆಮೇಲೆ', 'ಬೇಡ' ಅಂತ ಗುರುತು ಹಾಕಲಿ. 'ಬೇಡ' ಅನ್ನುವ ಹಕ್ಕು ಇದ್ದಾಗ ಮಾತ್ರ 'ಬೇಕು' ಅನ್ನುವುದಕ್ಕೆ ಬೆಲೆ. ಗ್ರಂಥಾಲಯ ಶಾಸ್ತ್ರದ ಎಸ್.ಆರ್. ರಂಗನಾಥನ್ 1931ರಲ್ಲಿ ಕೊಟ್ಟ ಐದು ಸೂತ್ರಗಳಲ್ಲಿ ಎರಡು ಹೀಗಿವೆ: ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ. ಚೀಟಿಗಳನ್ನು ಒಟ್ಟು ಹಾಕಿ ನೋಡಿದರೆ ಯಾವ ಮಗುವಿಗೆ ಯಾವ ಪುಸ್ತಕ ಅನ್ನುವುದು ನಿಮಗೇ ಗೊತ್ತಾಗುತ್ತದೆ.

ಪುಸ್ತಕ ಅಂದರೆ ಕಥೆ ಮಾತ್ರ ಅಂತ ಇಟ್ಟುಕೊಳ್ಳಬೇಡಿ. ಕ್ರಿಕೆಟ್, ಹಾವು, ರಾಕೆಟ್, ಸೈಕಲ್ ಬಿಚ್ಚಿ ಜೋಡಿಸುವುದು, ಎಲ್ಲ ಇರಲಿ. ಡೊನ್ನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ ಎಂಬ ಸಂಶೋಧಕಿಯರು 1988ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಮಕ್ಕಳಿಗೆ ಬೇಸ್‌ಬಾಲ್ ಪಂದ್ಯದ ಬಗ್ಗೆ ಓದಲು ಕೊಟ್ಟರು. ಓದಿದ್ದನ್ನು ಮೈದಾನದ ಚಿಕ್ಕ ಮಾದರಿಯ ಮೇಲೆ ಗೊಂಬೆ ಆಡಿಸಿ ತೋರಿಸಲು ಹೇಳಿದರು. ಓದಿನಲ್ಲಿ ಹಿಂದಿದ್ದರೂ ಆಟ ಚೆನ್ನಾಗಿ ಗೊತ್ತಿದ್ದ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ಗೊತ್ತಿಲ್ಲದವರಿಗಿಂತ ಚೆನ್ನಾಗಿ ಮಾಡಿದರು. ಹಿಂದುಳಿದ ಮಗು ಅಂತ ನಾವು ಬರೆದಿಟ್ಟ ಹುಡುಗ ತನಗೆ ಗೊತ್ತಿರುವ ವಿಷಯ ಸಿಕ್ಕಾಗ ಬೇರೆಯೇ ಮಗು. ಗೊಂಬೆ ಆಡಿಸುವುದನ್ನು ನೀವೂ ಮಾಡಿಸಬಹುದು. ಸೀಮೆಸುಣ್ಣದಲ್ಲಿ ನೆಲದ ಮೇಲೆ ಕಥೆಯ ಜಾಗ ಬರೆದು, ಬಾಟಲಿ ಮುಚ್ಚಳಗಳನ್ನು ಪಾತ್ರ ಮಾಡಿ. ಮುಚ್ಚಳ ಎಲ್ಲಿಡಬೇಕು ಅಂತ ಜಗಳ ಬಂದಾಗ ಪುಸ್ತಕ ತೆಗೆದು ತೋರಿಸಿದವರ ಮಾತೇ ನಡೆಯಬೇಕು.

ಪಾತ್ರದ ಕುರ್ಚಿ ಅಂತ ಇನ್ನೊಂದಿದೆ. ಒಂದು ಮಗು ಪಾತ್ರವಾಗಿ ಕೂರುತ್ತದೆ, ಉಳಿದವರು ಪ್ರಶ್ನೆ ಕೇಳುತ್ತಾರೆ. ಚೆನ್ನಾಗಿರುತ್ತದೆ, ಆದರೆ ಪುಸ್ತಕ ಕೈಯಲ್ಲಿ ಇರದಿದ್ದರೆ ಮಾತು ಎಲ್ಲೆಲ್ಲೋ ಹೋಗುತ್ತದೆ. ತಿಂಗಳಿಗೊಮ್ಮೆ ಸಾಕು.

ಸ್ಟಾರ್ ಚಾರ್ಟ್ ಬಗ್ಗೆ ಕೇಳಿದ್ದೀರಿ. ನನ್ನ ಸಲಹೆ, ಹಾಕಬೇಡಿ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್‌ಬೆಟ್ ಎಂಬ ಮೂವರು ಮನಶ್ಶಾಸ್ತ್ರಜ್ಞರು ನರ್ಸರಿ ಮಕ್ಕಳ ಜೊತೆ ಮಾಡಿದ ಒಂದು ಪ್ರಯೋಗವನ್ನು ಪ್ರಕಟಿಸಿದರು. ಸ್ಕೆಚ್ ಪೆನ್ನಿನಲ್ಲಿ ಚಿತ್ರ ಬರೆಯುವುದು ಮೊದಲೇ ಇಷ್ಟವಿದ್ದ ಮಕ್ಕಳು. ಕೆಲವರಿಗೆ ಚಿತ್ರ ಬರೆದರೆ ಬಹುಮಾನ ಕೊಡುತ್ತೇವೆ ಅಂತ ಮೊದಲೇ ಹೇಳಿದರು. ಒಂದೆರಡು ವಾರ ಬಿಟ್ಟು ನೋಡಿದರೆ, ಹೀಗೆ ಆಸೆ ತೋರಿಸಿದ ಮಕ್ಕಳು ಬಹುಮಾನವೇ ಇಲ್ಲದವರಿಗಿಂತ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆಯುತ್ತಿದ್ದರು. ಹೇಳದೆ ಆಮೇಲೆ ಕೊಟ್ಟ ಬಹುಮಾನದಿಂದ ಹಾಗಾಗಲಿಲ್ಲ. ನಾನು ಚಾರ್ಟ್ ಹಾಕಿದ್ದಾಗ ಮಕ್ಕಳು ತೆಳು ಪುಸ್ತಕವನ್ನೇ ಆರಿಸುತ್ತಿದ್ದರು, ಸ್ಟಾರ್ ಬೇಗ ಸಿಗುತ್ತದಲ್ಲ. ದಪ್ಪ ಪುಸ್ತಕ ಓದುತ್ತಿದ್ದ ಒಬ್ಬ ಹುಡುಗಿ ಚಾರ್ಟಿನಲ್ಲಿ ಕೊನೆಗೆ ಬಿದ್ದಳು. ಓದುತ್ತಿದ್ದ ಮಗುವಿಗೇ ನಾನು ಬೇಸರ ತರಿಸಿದೆ. ಅದನ್ನು ಈಗಲೂ ಮರೆತಿಲ್ಲ. ಚಾರ್ಟಿನ ಜಾಗದಲ್ಲಿ ಒಂದು ಖಾಲಿ ಹಾಳೆ ಹಾಕಿ. ಓದಿದವರು ಇಷ್ಟವಾದ ಒಂದು ಸಾಲನ್ನು ಪುಟದ ನಂಬರ್ ಸಮೇತ ಬರೆಯಲಿ. ಆ ನಂಬರ್ ನೋಡಿ ಬೇರೆಯವರು ಪುಸ್ತಕ ಹುಡುಕುತ್ತಾರೆ.

ಇಷ್ಟೆಲ್ಲದರ ಜೊತೆ ದಿನಾ 10 ನಿಮಿಷ ನೀವು ಗಟ್ಟಿಯಾಗಿ ಓದಿ ಹೇಳಿ. ಐದನೇ ತರಗತಿಯವರು ದೊಡ್ಡವರಾದರು ಅಂತ ಬಿಡಬೇಡಿ. ಅದರ ಮೇಲೆ ಪ್ರಶ್ನೆ ಬೇಡ, ನೋಟ್ಸ್ ಬೇಡ. ಕುತೂಹಲ ಇರುವ ಕಡೆ ನಿಲ್ಲಿಸಿ, ಪುಸ್ತಕವನ್ನು ಮೇಜಿನ ಮೇಲೇ ಬಿಟ್ಟು ಹೋಗಿ. ನಾಳೆಯವರೆಗೆ ಕಾಯಲಾರದ ಒಂದಿಬ್ಬರು ಬಂದು ತೆಗೆದೇ ತೆಗೆಯುತ್ತಾರೆ.

ಮೊದಲ ವಾರ ಎರಡೇ ಮಾಡಿ: ಪುಸ್ತಕದ ರುಚಿ, ತಡೆದು ಓದುವುದು. ಓದುನಾಟಕ ಎರಡನೇ ವಾರಕ್ಕೆ ಇರಲಿ. ಕೀಲಿಯ ಕಥೆ ಬೇಕಿದ್ದರೆ ಹೇಳಿ. ಕೈಬರಹದಲ್ಲಿದೆ, ತುಂಡು ತುಂಡಾಗಿಯೇ ಫೋಟೋ ತೆಗೆದು ಇಲ್ಲಿ ಹಾಕುತ್ತೇನೆ. ಆ ಆರು ಮಕ್ಕಳು ಓದುನಾಟಕದಲ್ಲಿ ಹೇಗೆ ಮಾಡಿದರು ಅಂತ ಮಾತ್ರ ಖಂಡಿತ ಬರೆಯಿರಿ.