ವ್ಯಾನಿನ ನೆತ್ತಿಗೆ ಕೈ ಎಟುಕದಿದ್ದರೆ

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರ, ವಯಸ್ಸು 63. ಎರಡು ವರ್ಷದ ಹಿಂದೆ ಒಂದು ಟೆಂಪೊ ಟ್ರಾವೆಲರ್ ತಗೊಂಡು ಮೋಟಾರ್‌ಹೋಮ್, ಅಂದರೆ ಒಳಗೇ ಉಳಿದುಕೊಂಡು ಊರೂರು ಸುತ್ತುವ ಗಾಡಿ, ಮಾಡಿಸಿದೆವು. ಮೇಲೆ ಫೈಬರ್ ಟಾಪು, ಅದರ ಮೇಲೆ ಸೋಲಾರ್ ಪ್ಯಾನೆಲ್. ನೆಲದಿಂದ ಹೆಚ್ಚುಕಮ್ಮಿ ಹತ್ತಡಿ ಆಗುತ್ತದೆ. ಈ ಮಳೆಗಾಲ ಪೂರ್ತಿ ಗಾಡಿ ತೋಟದಂಚಿನ ಹಲಸಿನ ಮರದ ಕೆಳಗೇ ನಿಂತಿತ್ತು. ಈಗ ಟಾಪಿನ ಮೇಲೆ ಹಸಿರು ಪಾಚಿ, ಎರಡೂ ಪಕ್ಕೆಗೆ ಕಪ್ಪು ಗೆರೆ, ತೋಟದ ಕಡೆಯ ಬದಿಗೆ ಔಷಧಿ ಹೊಡೆದಾಗ ಸಿಡಿದ ನೀಲಿ ಚುಕ್ಕೆ. ಏಣಿ ಇಟ್ಟು ಹತ್ತೋಣ ಅಂದರೆ ಮಗ ಬಿಡುತ್ತಿಲ್ಲ. ಅಡಿಕೆ ಕೊನೆ (ಗೊನೆ) ತೆಗೆಯುವ ಹುಡುಗ ‘ನಾನು ಹತ್ತಿ ತಿಕ್ಕಿ ಕೊಡ್ತೀನಿ ಬಿಡಿ’ ಅನ್ನುತ್ತಾನೆ. ಹತ್ತಿಸಬಹುದೇ? ಅಷ್ಟು ಎತ್ತರದಲ್ಲಿ ವ್ಯಾಕ್ಸ್ ಹಾಕುವುದು ಹೇಗೆ?

ಉತ್ತರ: ಹತ್ತಿಸಬೇಡಿ. ಅಡಿಕೆ ಮರ ಹತ್ತುವವನಿಗೆ ಅಪ್ಪಿಕೊಳ್ಳಲು ಮರ ಇರುತ್ತದೆ. ಸೋಪುನೀರು ಬಿದ್ದ ಫೈಬರ್ ಟಾಪಿನ ಮೇಲೆ ಹಿಡಿಯಲು ಇರುವುದು ಸೋಲಾರ್ ಪ್ಯಾನೆಲ್ಲಿನ ಅಂಚು ಒಂದೇ, ಅದೂ ಕಿತ್ತು ಕೈಗೆ ಬಂದರೆ ಹೋಯಿತು. ಇದು ಕೇಳಿದ ಮಾತಲ್ಲ. ಶಿವಮೊಗ್ಗದಲ್ಲಿ ಗಾಡಿ ಕೆಲಸದ ಶೆಡ್ ಹಾಕಿದ ಹೊಸದರಲ್ಲಿ ನಾನೇ ಒಂದು ಗಾಡಿಯ ಮೇಲೆ ಬರಿಗಾಲಲ್ಲಿ ನಿಂತು ತಿಕ್ಕುತ್ತಿದ್ದೆ. ಬಕೆಟ್ ಎತ್ತಿಕೊಳ್ಳಲು ಹಿಂದೆ ತಿರುಗಿದ್ದಷ್ಟೇ ನೆನಪು. ಬಲ ಮಣಿಕಟ್ಟು ಮುರಿದು ಆರು ವಾರ ಎಡಗೈಯಲ್ಲಿ ಉಂಡೆ. ಅದಾದ ಮೇಲೆ ನಮ್ಮ ಶೆಡ್ಡಿನಲ್ಲಿ ನೀರು ಬಿದ್ದ ಟಾಪಿಗೆ ಯಾರೂ ಕಾಲಿಡುವುದಿಲ್ಲ. ನಿಮ್ಮ ಮಗ ಹೇಳುತ್ತಿರುವುದು ಸರಿಯಾಗಿದೆ.

ಮನುಷ್ಯನ ಮಾತು ಪಕ್ಕಕ್ಕಿಡಿ, ಗಾಡಿಗೂ ಅದು ಒಳ್ಳೆಯದಲ್ಲ. ಫೈಬರ್ ಟಾಪುಗಳಲ್ಲಿ ಎಷ್ಟೋ ಮನುಷ್ಯನ ಭಾರಕ್ಕೆ ಅಂತ ಮಾಡಿದವಲ್ಲ. ಕಾಲು ಊರಿದ ಕಡೆ ಕೂದಲೆಳೆಯಂಥ ಬಿರುಕು ಬೀಳುತ್ತದೆ, ಅವತ್ತು ಕಣ್ಣಿಗೆ ಕಾಣುವುದಿಲ್ಲ. ಮುಂದಿನ ಆರಿದ್ರಾ ಮಳೆಯಲ್ಲಿ ಮಂಚದ ಮೇಲೆ ಹನಿ ಬಿದ್ದಾಗ ಗೊತ್ತಾಗುತ್ತದೆ.

ಹಾಗಾದರೆ ತೊಳೆಯುವುದು ಹೇಗೆ? ನೆಲದ ಮೇಲೆ ನಿಂತು ಕೋಲಿನಿಂದ. ಉದ್ದ ಮಾಡಬಹುದಾದ ಕೋಲಿನ ತುದಿಗೆ ಮೃದು ಕೂದಲಿನ ಬ್ರಷ್, ಕೋಲಿನ ಒಳಗಿಂದಲೇ ನೀರು ಹರಿಯುವಂಥದ್ದು, ಲಾರಿ ಬಸ್ಸಿನ ಸಾಮಾನು ಮಾರುವ ಅಂಗಡಿಗಳಲ್ಲಿ ಕೇಳಿ ನೋಡಿ. ಕೊಳ್ಳುವ ಮೊದಲು ಆ ಬ್ರಷ್ಷನ್ನು ಅಂಗೈ ಹಿಂಭಾಗಕ್ಕೆ ಉಜ್ಜಿ. ಚುಚ್ಚಿತು ಅಂದರೆ ಬೇಡ. ತೆಂಗಿನ ನಾರು, ಕಸ ಗುಡಿಸುವ ಹಿಡಿ, ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರ್ ಮೂರನ್ನೂ ದೂರ ಇಡಿ. ಫೈಬರಿನ ಮೇಲ್ಪದರ ಗೀಚಿದರೆ ಪಾಚಿಗೆ ಬೇರೂರಲು ನಾವೇ ಜಾಗ ಮಾಡಿಕೊಟ್ಟಂತೆ.

ಕೋಲು ಸಾಲದ ಕಡೆಗೆ, ಮತ್ತೆ ವ್ಯಾಕ್ಸ್ ಒರೆಸುವ ಕೆಲಸಕ್ಕೆ, ಹಲಗೆ ಬೇಕು. ಗೋಡೆಗೆ ಒರಗಿಸುವ ಏಣಿಯನ್ನು ಗಾಡಿಗೆ ಒರಗಿಸಬೇಡಿ, ಪಕ್ಕೆ ತಗ್ಗಾಗುತ್ತದೆ, ಏಣಿಯೂ ಜಾರುತ್ತದೆ. ಪೇಂಟಿನವರ ಹತ್ತಿರ ಎರಡೂ ಕಡೆ ಕಾಲು ಬಿಡುವ ಏಣಿ ಇರುತ್ತದಲ್ಲ, ಅಂಥವು ಎರಡು ತಂದು ನಡುವೆ ದಪ್ಪ ಹಲಗೆ ಹಾಕಿ, ಎರಡೂ ತುದಿ ಹಗ್ಗದಲ್ಲಿ ಬಿಗಿಯಿರಿ. ಹಲಗೆ ನಾಲ್ಕಡಿ ಎತ್ತರದಲ್ಲಿದ್ದರೆ ಸಾಕು. ಐದೂವರೆ ಅಡಿ ಆಳು ಅದರ ಮೇಲೆ ನಿಂತರೆ ಕಣ್ಣು ಒಂಬತ್ತು ಅಡಿ ದಾಟುತ್ತದೆ, ಕೈ ಹತ್ತೂವರೆಗೆ ಹೋಗುತ್ತದೆ. ಅಲ್ಲಿಂದ ಆರಡಿ ಕೋಲು ಟಾಪಿನ ನಟ್ಟನಡುವಿನವರೆಗೂ ಎಟುಕುತ್ತದೆ. ಆಮೇಲೆ ಆಚೆ ಪಕ್ಕಕ್ಕೆ ಹೋಗಿ ಅಲ್ಲಿಂದ ಅರ್ಧ. ನಮ್ಮ ಕಡೆ ಇನ್ನೊಂದು ಪೀಕಲಾಟ ಅಂಗಳದ್ದು. ಮಳೆ ಮುಗಿದ ಅಂಗಳ ಹಾವಸೆ ಕಟ್ಟಿರುತ್ತದೆ, ಅದರ ಮೇಲೆ ಏಣಿ ನಿಲ್ಲಿಸುವುದು ಬೆಣ್ಣೆ ಮೇಲೆ ನಿಲ್ಲಿಸಿದ ಹಾಗೆ. ಗಾಡಿ ತಿಕ್ಕುವ ಮೊದಲು ಅಂಗಳ ತಿಕ್ಕಿ.

ಗಾಡಿಯನ್ನು ಮರದ ಕೆಳಗಿನಿಂದ ಆಚೆ ತನ್ನಿ, ತಲೆಯೆತ್ತಿ ಕರೆಂಟ್ ತಂತಿ ಇದೆಯಾ ನೋಡಿ. ಹೊತ್ತು ಏರುವ ಮೊದಲೇ, ಟಾಪು ತಣ್ಣಗಿರುವಾಗಲೇ ಶುರು ಮಾಡಿ. ಅಬ್ಬಿ ನೀರು ಬಳಸುವವರಾದರೆ ಪೈಪಿನ ಬಾಯಿಗೆ ಬಟ್ಟೆ ಕಟ್ಟಿ. ಗುಡ್ಡದಿಂದ ಬರುವ ನುಣುಪು ಮರಳು ಬ್ರಷ್ಷಿಗೆ ಸೇರಿದರೆ ಅದೇ ಉಪ್ಪುಕಾಗದ ಆಗುತ್ತದೆ. ಬರೀ ನೀರು ಬಿಟ್ಟು ತರಗೆಲೆ, ಕಸ ಇಳಿಸಿ. ಪಕ್ಕೆಗಳನ್ನೂ ಮೊದಲೇ ಒದ್ದೆ ಮಾಡಿಟ್ಟುಕೊಳ್ಳಿ, ಇಲ್ಲದಿದ್ದರೆ ಮೇಲಿನ ಕೊಳೆನೀರು ಒಣಗೋಡೆಯ ಮೇಲೆ ಇಳಿದು ಅಲ್ಲೇ ಕೂರುತ್ತದೆ. ಆಮೇಲೆ ಪಾಚಿ: ಬಿಳಿ ವಿನೆಗರ್ ಮತ್ತು ನೀರು ಸಮಸಮ ಬೆರೆಸಿ ಕೈಪಂಪಿನ ಸ್ಪ್ರೇಯರಿನಲ್ಲಿ ಹೊಡೆದು, ಒಣಗಲು ಬಿಡದೆ ಹತ್ತು ನಿಮಿಷ ಬಿಟ್ಟು ತಿಕ್ಕಿ, ತೊಳೆಯಿರಿ. ಸ್ಪ್ರೇಯರ್ ಹೊಸದಾಗಿರಲಿ. ಕಳೆನಾಶಕ ಹೊಡೆದದ್ದು ಬೇಡವೇ ಬೇಡ. ಬ್ಲೀಚಿಂಗ್ ಪೌಡರ್ ಹಾಕಿದರೆ ಬೇಗ ಬೆಳ್ಳಗಾಗುತ್ತದೆ, ನಿಜ. ಆದರೆ ಕಿಟಕಿ ರಬ್ಬರು, ಸಂದಿಗೆ ಹಾಕಿದ ಸೀಲಂಟು ಬಿರುಸಾಗುತ್ತವೆ, ನೀರು ಇಳಿಯುವುದೂ ನಿಮ್ಮ ತೋಟಕ್ಕೇ. ಇಷ್ಟಾದ ಮೇಲೆ ಕಾರ್ ಶಾಂಪೂ ಹಾಕಿ ಮೇಲಿಂದ ಕೆಳಕ್ಕೆ ಒಂದು ಸುತ್ತು. ಪಾತ್ರೆ ತೊಳೆಯುವ ಲಿಕ್ವಿಡ್ ಹಳೆ ವ್ಯಾಕ್ಸನ್ನೂ ಎಬ್ಬಿಸಿಕೊಂಡು ಹೋಗುತ್ತದೆ, ಅದು ಬೇಡ.

ಪ್ಯಾನೆಲ್ಲಿನ ಸ್ಟ್ಯಾಂಡು, ಫ್ಯಾನಿನ ಮುಚ್ಚಳ, ಟಾಪಿನ ಅಂಚು, ಎಲ್ಲಾ ಕಡೆ ಸೀಲಂಟಿನ ಪಟ್ಟಿ ಇರುತ್ತದೆ. ಬ್ರಷ್ ಆ ಪಟ್ಟಿಯ ಉದ್ದಕ್ಕೆ ಓಡಲಿ, ಅಡ್ಡ ಎಳೆದರೆ ಅಂಚು ಏಳುತ್ತದೆ. ತೊಳೆದು ಒಣಗಿದ ಮೇಲೆ ಫೋನನ್ನು ಸೆಲ್ಫಿ ಕೋಲಿಗೆ ಸಿಕ್ಕಿಸಿ ಟಾಪಿನ ಮೇಲೆ ನಿಧಾನಕ್ಕೆ ಒಂದು ವೀಡಿಯೊ ತೆಗೆಯಿರಿ. ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಾ ನೋಡಿದರೆ ಯಾವ ಪಟ್ಟಿ ಬಿರಿದಿದೆ ಅಂತ ಹತ್ತಿ ನೋಡಿದವನಿಗಿಂತ ಚೆನ್ನಾಗಿ ಕಾಣುತ್ತದೆ. ಬಿರಿದದ್ದು ಕಂಡರೆ ವ್ಯಾಕ್ಸಿನ ಮಾತು ಆಮೇಲೆ, ಮೊದಲು ಅದನ್ನು ಮುಚ್ಚಿಸಿ.

ಹಲಸಿನ ಮೇಣದ ಬಗ್ಗೆ ನೀವು ಬರೆದಿಲ್ಲ. ಆದರೆ ಆ ಮರದ ಕೆಳಗೆ ನಿಂತ ಗಾಡಿಗೆ ಅಂಟದೆ ಇರುತ್ತದೆಯೇ? ಹಣ್ಣು ಬಿಡಿಸುವಾಗ ಕೈಗೆ ಏನು ಹಚ್ಚುತ್ತೀರೋ ಅದೇ ಮದ್ದು. ಕೊಬ್ಬರಿ ಎಣ್ಣೆ ಸವರಿ ಸ್ವಲ್ಪ ಹೊತ್ತು ಬಿಟ್ಟು ಮೆತ್ತನೆ ಬಟ್ಟೆಯಲ್ಲಿ ಉರುಳಿಸಿ ತೆಗೆಯಿರಿ, ಜಿಡ್ಡನ್ನು ಶಾಂಪೂ ಹಾಕಿ ತೊಳೆಯಿರಿ. ಒಂದು ಮೇಣ ಹೋಗದೆ ಇನ್ನೊಂದು ಮೇಣ ಹಿಡಿಯುವುದಿಲ್ಲ.

ನೀಲಿ ಚುಕ್ಕೆ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೊ ದ್ರಾವಣದ್ದೇ ಇರಬೇಕು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ನಿಮಗೆ ನಾನು ಹೇಳಿಕೊಡಬೇಕಿಲ್ಲ. ಗಾಡಿಯ ಮೇಲೆ ಅಂಟಿ ಕೂರುವುದು ಅದರಲ್ಲಿನ ಸುಣ್ಣ. ಒಣಗಿದ್ದನ್ನು ಉಗುರಿನಲ್ಲಾಗಲಿ ಬ್ರಷ್ಷಿನಲ್ಲಾಗಲಿ ಕೆರೆಯಬೇಡಿ, ಸುಣ್ಣದ ಹರಳು ಬಣ್ಣ ಗೀಚುತ್ತದೆ. ವಿನೆಗರ್ ನೀರಿನಲ್ಲಿ ನೆನೆಸಿದ ಹತ್ತಿಬಟ್ಟೆಯನ್ನು ಚುಕ್ಕೆಯ ಮೇಲೆ ಐದು ನಿಮಿಷ ಅಂಟಿಸಿಡಿ. ಸುಣ್ಣ ಕರಗುತ್ತದೆ, ನೀಲಿಯೂ ಅದರ ಜೊತೆಗೆ ಬರುತ್ತದೆ, ತಕ್ಷಣ ನೀರು ಹಾಕಿ. ಪೇಂಟ್ ಇಲ್ಲದ ಅಲ್ಯೂಮಿನಿಯಂ ಪಟ್ಟಿಯ ಮೇಲೆ ಮಾತ್ರ ವಿನೆಗರ್ ನಿಲ್ಲಬಾರದು, ಮಂಕಾಗುತ್ತದೆ. ಮುಂದಿನ ವರ್ಷ ಔಷಧಿ ಹೊಡೆಯುವ ದಿನ ಗಾಡಿಯನ್ನು ರಸ್ತೆಗೆ ತಂದು ನಿಲ್ಲಿಸಿದರೆ ಈ ಪ್ಯಾರಾ ಓದುವ ಕೆಲಸವೇ ಇರುವುದಿಲ್ಲ.

ಕಪ್ಪು ಗೆರೆಯನ್ನು ಎಷ್ಟು ತೊಳೆದರೂ ಮತ್ತೆ ಬರುತ್ತದೆ, ಯಾಕೆಂದರೆ ಅದರ ಮೂಲ ಮೇಲಿದೆ. ಟಾಪಿನ ಧೂಳು, ಪಾಚಿ, ಬಿಸಿಲಿಗೆ ಸವೆದ ಫೈಬರಿನ ಪುಡಿ ಮಳೆನೀರಿನ ಜೊತೆ ಒಂದೇ ದಾರಿ ಹಿಡಿದು ಇಳಿಯುತ್ತವೆ. ನಮ್ಮ ಮನೆ ಮಾಡಿನ ನೀರು ಹರಿಯುವ ದಂಬೆಯ ತುದಿ ಗೋಡೆಯಿಂದ ಆಚೆ ಚಾಚಿರುತ್ತದಲ್ಲ, ಯಾಕೆ? ಅದೇ ಉಪಾಯ ಇಲ್ಲೂ. ಗಾಡಿಯ ಟಾಪಿನಂಚಿನಲ್ಲಿ ನೀರು ಹರಿಯುವ ಪಟ್ಟಿ ಮುಗಿಯುವ ನಾಲ್ಕು ಮೂಲೆಗೆ ಚಿಕ್ಕ ಪ್ಲಾಸ್ಟಿಕ್ ಕೊಕ್ಕು ಸಿಕ್ಕಿಸಿದರೆ ನೀರು ಪಕ್ಕೆಗೆ ತಾಗದೆ ನೆಲಕ್ಕೆ ಬೀಳುತ್ತದೆ. ಕಿಟಕಿ ಚೌಕಟ್ಟಿನ ಅಡಿಯಲ್ಲಿ ನೀರು ಹೋಗುವ ತೂತುಗಳಿದ್ದರೆ ಬಿದಿರು ಕಡ್ಡಿಯಲ್ಲಿ ಬಿಡಿಸಿ. ಅವು ಕಟ್ಟಿಕೊಂಡರೆ ಕಿಟಕಿ ಕೆಳಗೂ ಇದೇ ಮೀಸೆ.

‘ಇಷ್ಟೆಲ್ಲಾ ಯಾಕೆ, ವಾಟರ್ ಸರ್ವಿಸಿಗೆ ಬಿಟ್ಟರೆ ಅರ್ಧ ಗಂಟೆ’ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಹಾಗೆ ಬಿಟ್ಟ ಗಾಡಿಯೊಂದು ಹೋದ ವರ್ಷ ನಮ್ಮ ಶೆಡ್ಡಿಗೆ ಬಂತು. ಹುಡುಗ ಕೆಸರು ಬಿಡಲಿಲ್ಲ ಅಂತ ಗನ್ನನ್ನು ಹಿಂದಿನ ಕಿಟಕಿಯ ರಬ್ಬರಿಗೇ ಹಿಡಿದಿದ್ದ. ಹೊರಗೆ ಲಕಲಕ. ತಿಂಗಳಾದ ಮೇಲೆ ಒಳಗಿನ ಪ್ಲೈವುಡ್ ಉಬ್ಬಿ, ಬಾಗಿಲು ತೆಗೆದರೆ ನೆನೆದ ಕಂಬಳಿಯ ವಾಸನೆ. ಪ್ರೆಷರ್ ನೀರು ಚಕ್ರದ ಗೂಡಿಗೆ, ಅಡಿಭಾಗದ ಕೆಂಪು ಮಣ್ಣಿಗೆ ಬಹಳ ಒಳ್ಳೆಯದು. ಗೇರುಸೊಪ್ಪೆ ಇಳಿದು ಹೊನ್ನಾವರದ ಸಮುದ್ರದಂಡೆಗೆ ಹೋಗಿ ಬಂದವರಂತೂ ಅಡಿಭಾಗದ ಉಪ್ಪನ್ನು ತೊಳೆಸಲೇಬೇಕು. ಕಿಟಕಿ, ಫ್ರಿಜ್ಜಿನ ಗಾಳಿಜಾಲರಿ, ಸೀಲಂಟು, ಸ್ಟಿಕ್ಕರ್ ಇರುವ ಕಡೆಗೆ ಮಾತ್ರ ಗನ್ ನಾಲ್ಕಡಿಗಿಂತ ಹತ್ತಿರ ಬರಬಾರದು, ಕೆಳಗಿಂದ ಮೇಲಕ್ಕೆ ಹೊಡೆಯಲೂಬಾರದು. ಮಳೆ ಕೆಳಗಿಂದ ಮೇಲಕ್ಕೆ ಬರುವುದಿಲ್ಲ ಅನ್ನುವ ಲೆಕ್ಕದಲ್ಲೇ ಆ ಸಂದಿಗಳನ್ನೆಲ್ಲ ಕಟ್ಟಿರುತ್ತಾರೆ.

ಇನ್ನು ವ್ಯಾಕ್ಸ್. ಒಣಗಿದ ಫೈಬರ್ ಮೇಲೆ ಅಂಗೈ ಒತ್ತಿ ಎಳೆಯಿರಿ. ಕೈಗೆ ಸುಣ್ಣದಂಥ ಬಿಳಿ ಪುಡಿ ಬಂದರೆ ಮೇಲ್ಪದರ ಸವೆದಿದೆ, ಬರೀ ವ್ಯಾಕ್ಸ್ ಹಚ್ಚಿದರೆ ಆ ಪುಡಿಯ ಮೇಲೆ ಹಚ್ಚಿದಂತೆ. ಕೈಗೆಟುಕುವ ಪಕ್ಕೆಗಳಿಗೆ ಮೊದಲು ಪಾಲಿಶ್ ಮಾಡಿಸಿ. ಟಾಪಿಗೆ ಆ ಗೋಜು ಬೇಡ, ಹಲಗೆಯ ಮೇಲೆ ನಿಂತು ಪಾಲಿಶ್ ಮೆಷೀನ್ ಹಿಡಿಯುವ ಕೆಲಸ ನಾನೂ ಮಾಡುವುದಿಲ್ಲ. ಎತ್ತರದ ಜಾಗಕ್ಕೆ ಡಬ್ಬಿಯ ಗಟ್ಟಿ ವ್ಯಾಕ್ಸ್ ಬಿಟ್ಟು, ಒದ್ದೆ ಮೈಮೇಲೆ ಸ್ಪ್ರೇ ಮಾಡಿ ನೀರು ಹಾಕಿ ತೊಳೆದುಬಿಡುವ ಸೀಲಂಟ್ ವ್ಯಾಕ್ಸ್ ತನ್ನಿ. ತೊಳೆದ ಒದ್ದೆಯಲ್ಲೇ ಒಂದೊಂದು ಭಾಗಕ್ಕೆ ಹೊಡೆದು, ಒಣಗುವ ಮೊದಲೇ ನೀರು ಬಿಡಿ. ಆಮೇಲೆ ಮನೆ ಒರೆಸುವ ಚಪ್ಪಟೆ ಮಾಪಿಗೆ ಹೊಸ ಮೈಕ್ರೋಫೈಬರ್ ಬಟ್ಟೆ ಹಾಕಿ ಒರೆಸಿದರೆ ಮುಗಿಯಿತು. ಡ್ರೈವರ್ ತಲೆಯ ಮೇಲೆ ಮುಂದಕ್ಕೆ ಉಬ್ಬಿದ ನೆತ್ತಿಗೆ ಹುಳ ಹೊಡೆದು ಹೊಡೆದು ಒಣಗಿರುತ್ತವೆ. ಅಲ್ಲಿಗೆ ಮಾತ್ರ ಮೊದಲು ಒದ್ದೆ ಬಟ್ಟೆ ಹತ್ತು ನಿಮಿಷ ಹೊದಿಸಿ ನೆನೆಸಿ, ವ್ಯಾಕ್ಸ್ ಎರಡು ಸಲ ಕೊಡಿ. ಮಂಡಗದ್ದೆಯ ಹಕ್ಕಿಗಳನ್ನು ನೋಡಲು ಮರದಡಿ ಗಾಡಿ ನಿಲ್ಲಿಸಿ ಬಂದವರಿಗೂ ಇದೇ ಒದ್ದೆ ಬಟ್ಟೆಯ ಉಪಾಯ, ಅದೂ ಅವತ್ತೇ. ಹಿಕ್ಕೆ ಬಿಸಿಲಿಗೆ ಒಣಗಿದಷ್ಟೂ ಬಣ್ಣ ತಿನ್ನುತ್ತದೆ.

ಸೋಲಾರ್ ಪ್ಯಾನೆಲ್ಲಿಗೆ ವ್ಯಾಕ್ಸ್ ತಾಗಿಸಬೇಡಿ, ಬರೀ ನೀರು ಸಾಕು. ರಿಪೇರಿಗೆ ಮೆಕ್ಯಾನಿಕ್ ಹತ್ತಿದಾಗ ಕಾಲಿಡುವ ಜಾಗ ಮತ್ತು ಹಿಂದಿನ ಏಣಿಯ ಮೆಟ್ಟಿಲಿಗೂ ಬೇಡ. ಅವನ ಮಣಿಕಟ್ಟೂ ಮಣಿಕಟ್ಟೇ.

ವರ್ಷಕ್ಕೆ ಎರಡು ಸಲ ಹಾಕಿ: ಮೇ ತಿಂಗಳಲ್ಲಿ ಮಳೆ ಹಿಡಿಯುವ ಮೊದಲು, ದೀಪಾವಳಿ ಕಳೆದ ಮೇಲೆ ಇನ್ನೊಮ್ಮೆ. ಆಗುಂಬೆಯಂಥ ಕಡೆ, ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಸುರಿಯುವಲ್ಲಿ, ಯಾವ ವ್ಯಾಕ್ಸೂ ಮಳೆಗಾಲ ಪೂರ್ತಿ ತಡೆಯುತ್ತದೆ ಅಂತ ನಾನು ಹೇಳಲಾರೆ. ಆದರೆ ವ್ಯಾಕ್ಸ್ ಇದ್ದ ಟಾಪಿನ ಪಾಚಿ ಬರೀ ಬ್ರಷ್ಷಿಗೇ ಬರುತ್ತದೆ.

ಪ್ರಶ್ನೆ: ಮನೆಯಲ್ಲಿ ಅಡಿಕೆ ಕೊನೆ ಕೊಯ್ಯುವ ಕಾರ್ಬನ್ ದೋಟಿ (ಉದ್ದ ಕೋಲು) ಇದೆ. ಅದರ ತುದಿಗೆ ಬ್ರಷ್ ಕಟ್ಟಿ ಕ್ಯಾಂಪರ್ ವ್ಯಾನ್ ತೊಳೆಯಬಹುದೇ? ಸುಮ್ಮನೆ ಬೇರೆ ಕೋಲಿಗೆ ದುಡ್ಡು ಯಾಕೆ? (ಸಾಗರದಿಂದ ಒಬ್ಬ ಓದುಗರು)

ಉತ್ತರ: ಬೇಡ ಮಾರಾಯ್ರೇ. ಕಾರ್ಬನ್ ಫೈಬರಿನಲ್ಲಿ ಕರೆಂಟ್ ಹರಿಯುತ್ತದೆ, ಅಲ್ಯೂಮಿನಿಯಂ ಕೋಲಿನಲ್ಲೂ ಹಾಗೆಯೇ. ತೋಟದಲ್ಲಾದರೆ ಕಣ್ಣು ಮೇಲೆ ಕೊನೆಯ ಕಡೆ ಇರುತ್ತದೆ, ತಂತಿ ಕಾಣುತ್ತದೆ. ಗಾಡಿ ತೊಳೆಯುವವನ ಕಣ್ಣು ಗಾಡಿಯ ಮೇಲಿರುತ್ತದೆ, ಕೋಲಿನ ತುದಿ ಎಲ್ಲಿ ಹೋಯಿತು ಅಂತ ನೋಡುವುದಿಲ್ಲ. ಕೈ ಒದ್ದೆ, ಕಾಲು ಒದ್ದೆ, ಮನೆಗೆ ಬರುವ ಸರ್ವಿಸ್ ವೈರು ಅಂಗಳದ ಮೇಲೇ. ಅರವತ್ತು ಅಡಿಯ ಮರಕ್ಕೆ ಅಂತ ಮಾಡಿದ ಕೋಲು ಹತ್ತಡಿ ಗಾಡಿಗೆ ಬೇಕಾಗಿಯೂ ಇಲ್ಲ. ಗಾಜಿನ ನಾರಿನ (ಫೈಬರ್‌ಗ್ಲಾಸ್) ಕೋಲು ತಗೊಳ್ಳಿ, ಅದನ್ನೂ ನೀರು ಬಿದ್ದಾಗ ನಂಬಬೇಡಿ. ಮೇಲೆ ತಂತಿ ಇದ್ದರೆ ಗಾಡಿಯನ್ನೇ ಬೇರೆ ಕಡೆ ನಿಲ್ಲಿಸಿ ತೊಳೆಯಿರಿ.

ಪ್ರಶ್ನೆ: ಟಾರಿನ ಕಲೆ ಬಿಡಿಸಲು ಮೋಟಾರ್‌ಹೋಮಿನ ಕಿಟಕಿಗೆ ಥಿನ್ನರ್ ಹಾಕಿ ಒರೆಸಿದೆ. ಕಲೆ ಹೋಯಿತು, ಆದರೆ ಗಾಜಿನೊಳಗೆ ಜೇಡರಬಲೆಯಂಥ ಗೆರೆ ಬಿದ್ದಿದೆ. ಪಾಲಿಶ್ ಮಾಡಿದರೆ ಹೋಗುತ್ತದೆಯೇ? (ಶಿವಮೊಗ್ಗದಿಂದ)

ಉತ್ತರ: ಅದು ಗಾಜಲ್ಲ, ಅಕ್ರಿಲಿಕ್ ಅನ್ನುವ ಪ್ಲಾಸ್ಟಿಕ್. ಥಿನ್ನರ್, ಪೆಟ್ರೋಲ್, ಸ್ಪಿರಿಟ್ ತಾಗಿದರೆ ಅಕ್ರಿಲಿಕ್ ಹೀಗೆ ಬಿರಿಯುತ್ತದೆ, ಅಮೋನಿಯಾ ಇರುವ ಗಾಜಿನ ಕ್ಲೀನರ್ ಕೂಡ ಅದಕ್ಕೆ ಆಗದು. ಮೇಲ್ಮೈ ಗೀಚಿದ್ದಾಗಿದ್ದರೆ ಪ್ಲಾಸ್ಟಿಕ್ ಪಾಲಿಶಿನಲ್ಲಿ ಸರಿಹೋಗುತ್ತಿತ್ತು. ಇದು ಒಳಗೇ ಬಿರಿದದ್ದು, ಹೋಗುವುದಿಲ್ಲ. ಪೂರ್ತಿ ಸೀಳದಿರುವವರೆಗೂ ಹಾಗೇ ಬಳಸಿ, ಜೋರಾಗಿ ಒತ್ತಿ ಮುಚ್ಚಬೇಡಿ. ಉಳಿದ ಕಿಟಕಿಗಳನ್ನಾದರೂ ಶಾಂಪೂ ನೀರು, ಮೆತ್ತನೆ ಬಟ್ಟೆಯಲ್ಲಿ ಮಾತ್ರ ಒರೆಸಿ. ಮೇಲಿನ ಫ್ಯಾನಿನ ಮುಚ್ಚಳವೂ ಪ್ಲಾಸ್ಟಿಕ್ಕಿನದೇ. ಟಾರು ಮತ್ತೆ ಅಂಟಿದರೆ ಒಂದು ಹನಿ ಅಡುಗೆ ಎಣ್ಣೆ ಹಚ್ಚಿ, ಕಾಯಿರಿ.